ನಿಂತುಹೋದ 'ಮಜ್ಜಾ'ವನ್ನು ಸೋಮವಾರಪೇಟೆಯ ಮಳೆಯಲ್ಲಿ ಮತ್ತೆ ಮಾಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಅರ್ಧ ಗಂಟೆಯ ಕೆಲಸವಲ್ಲ. ಎರಡು ದಿನ ಬೇಕು. ಗ್ರಾಂ ತೋರಿಸುವ ತಕ್ಕಡಿ ಬೇಕು. ಆ ಕಾಲದಲ್ಲಿ ಅದೇ ತಿಂಡಿ ತಿಂದಿದ್ದ ಇನ್ನೊಬ್ಬರು ಮನೆಯಲ್ಲೋ ನೆಂಟರಲ್ಲೋ ಇರಬೇಕು. ಮೂರನೆಯದು ಇಲ್ಲದಿದ್ದರೂ ನಡೆಯುತ್ತದೆ ಅನ್ನಬಹುದು. ಆದರೆ 'ಇದಲ್ಲ' ಎಂದು ಮೂತಿ ತಿರುಗಿಸುವವರು ಒಬ್ಬರಿಲ್ಲದೆ ರುಚಿ ಹದಕ್ಕೆ ಬರುವುದಿಲ್ಲ.

ನಾನು ಮಾಡಹೊರಟದ್ದು 'ಮಜ್ಜಾ'. ಹೆಸರು ಹೇಳಿದ ತಕ್ಷಣ ಎಲ್ಲರೂ ಮಾವಿನಹಣ್ಣಿನ ಜ್ಯೂಸ್ ಅಂದುಕೊಳ್ಳುತ್ತಾರೆ. ಅದಲ್ಲ. ಕೆಲಾಗ್ಸ್ ಕಂಪನಿ ನಮ್ಮ ದೇಶಕ್ಕೆ ತನ್ನ ಕಾರ್ನ್‌ಫ್ಲೇಕ್ಸ್ ತಂದದ್ದು 1994ರಲ್ಲಿ. ನಾಲ್ಕು ವರ್ಷ ಕಳೆದು, 1998ರ ಆಗಸ್ಟ್‌ನಲ್ಲಿ, ನಮ್ಮವರ ನಾಲಗೆಗೆಂದೇ ಮಾಡಿ ಬಿಟ್ಟದ್ದು ಈ ಮಜ್ಜಾ. ಮುಸುಕಿನ ಜೋಳದ್ದು, ಬಾದಾಮಿ ಆಕಾರದ್ದು. ಮೂರು ರುಚಿ: ಮ್ಯಾಂಗೋ ಇಲಾಯ್ಚಿ, ಕೋಕೊನಟ್ ಕೇಸರ್, ರೋಸ್. 60 ಗ್ರಾಂನ ಪೊಟ್ಟಣಕ್ಕೆ 9.50 ರೂಪಾಯಿ. ಅಂಗಡಿಗಳಲ್ಲಿ ಬಹಳ ಕಾಲ ಉಳಿಯಲಿಲ್ಲ.

ನನಗೆ ಆಗ ಒಂಬತ್ತು ವರ್ಷ. ನಮ್ಮದು ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಐದು ಎಕರೆ ತೋಟ. ಬೆಳಗಿನ ತಿಂಡಿ ಎಂದರೆ ಅಕ್ಕಿ ರೊಟ್ಟಿ, ಎಳ್ಳು ಚಟ್ನಿ, ಇಲ್ಲವೇ ಕಡುಬು, ಜೊತೆಗೆ ಬೆಲ್ಲದ ಕಾಫಿ. ಹಾಲಿಗೆ ಏನಾದರೂ ನೆನೆಹಾಕಿ ತಿನ್ನುವುದು ಜ್ವರ ಬಂದಾಗ ಮಾತ್ರ, ಅದೂ ರಸ್ಕು. ಹಾಗಾಗಿ ಆ ವರ್ಷ ಸುಗ್ಗಿಯ ಹಬ್ಬ ಹುತ್ತರಿಗೆ ರಜೆ ಮೇಲೆ ಬಂದ ಚಿಕ್ಕಪ್ಪ ಟ್ರಂಕಿನಿಂದ ಆರು ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ: "ಯಾರಿಗೆ ಹುಷಾರಿಲ್ಲವೋ?"

ಚಿಕ್ಕಪ್ಪ ಸೈನ್ಯದಲ್ಲಿದ್ದರು. ಊರಿಗೆ ಬರುವಾಗ ಬೆಂಗಳೂರಿನಲ್ಲಿ ರೈಲಿಳಿದು ಮೆಜೆಸ್ಟಿಕ್ ಹತ್ತಿರ ಸಿಕ್ಕಿದ್ದನ್ನು ಕೊಂಡು ಬಸ್ಸು ಹತ್ತುವುದು ಅವರ ಕ್ರಮ. ಮುಂದಿನ ಬೇಸಿಗೆಗೆ ಇನ್ನಷ್ಟು ತರುತ್ತೇನೆ ಅಂದು ಹೋದರು. ಮುಂದಿನ ಬೇಸಿಗೆ ಎಂದರೆ 1999ರ ಮೇ. ಕಾರ್ಗಿಲ್. ರಜೆ ರದ್ದಾಯಿತು. ಅವರು ಮತ್ತೆ ಬಂದದ್ದು ಚಳಿಗಾಲಕ್ಕೆ, ಬರಿಗೈಯಲ್ಲಿ. ಅಂಗಡಿಯವನು "ಆ ಮಾಲು ಬರುತ್ತಿಲ್ಲ" ಅಂದನಂತೆ.

ಆ ಆರರಲ್ಲಿ ಕೊನೆಯ ಪೊಟ್ಟಣವನ್ನು ನಾನು ಏನು ಮಾಡಿದೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಈ ಇಡೀ ಪಾಕದ ಗುಟ್ಟು ಅಲ್ಲೇ ಇದೆ. ನನಗೇ ಅದು ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಮೊದಲು, ನಿಜಕ್ಕೂ ನಿಂತಿದೆಯೇ ವಿಚಾರಿಸಿ

ನಮ್ಮ ಅಂಗಡಿಗೆ ಬರುವುದು ನಿಂತರೆ ಲೋಕದಲ್ಲೇ ನಿಂತಿತು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಅಮೆರಿಕದಲ್ಲಿ ಓರಿಯೋ ಓಸ್ ಎಂಬ ತಿಂಡಿ ಇತ್ತು, ಓರಿಯೋ ಬಿಸ್ಕತ್ತಿನ ರುಚಿಯದ್ದು. 2007ರಲ್ಲಿ ಅಲ್ಲಿ ನಿಲ್ಲಿಸಿದರು. ಆದರೆ ದಕ್ಷಿಣ ಕೊರಿಯಾದಲ್ಲಿ ಮಾರಾಟ ನಡೆದೇ ಇತ್ತು. ಅಮೆರಿಕದ ಮಕ್ಕಳು ದೊಡ್ಡವರಾಗಿ, ಕೊರಿಯಾದಿಂದ ತರಿಸಿಕೊಂಡು ತಿಂದರು. 2017ರಲ್ಲಿ ಅದು ಅಮೆರಿಕದ ಅಂಗಡಿಗಳಿಗೇ ವಾಪಸ್ ಬಂತು. ನಿಮ್ಮದೂ ಅಂಥದ್ದಾಗಿದ್ದರೆ ಈ ಬರಹ ಇಲ್ಲಿಗೇ ಬಿಟ್ಟು, ಹೊರಗಿರುವ ನೆಂಟರಿಗೆ ಫೋನ್ ಮಾಡಿ.

ಹೆಸರು ಬದಲಾಗಿ ಅದೇ ಮಾಲು ಬರುತ್ತಿರುವುದೂ ಉಂಟು. ಇನ್ನು ಕೆಲಾಗ್ಸ್‌ನದೇ ಚಾಕೊಲೇಟ್ ತಿಂಡಿ ಚಾಕೋಸ್ ನಿಂತಿದೆ ಎಂದು ಅಳುವವರನ್ನೂ ನೋಡಿದ್ದೇನೆ. ಅದು ಎಲ್ಲೂ ಹೋಗಿಲ್ಲ, ಕುಶಾಲನಗರದ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಅವರ ವಯಸ್ಸು ಹೋಗಿದೆ, ಅಷ್ಟೆ.

ಒಂದು ಎಚ್ಚರಿಕೆ. 'ಹಳೆಯ ಕಾಲದ ಅದೇ ಪ್ಯಾಕೆಟ್' ಎಂದು ಅಂತರ್ಜಾಲದಲ್ಲಿ ಮಾರುವವರಿದ್ದಾರೆ. ನಾನೂ ಒಮ್ಮೆ ಮೋಸಹೋದೆ. ಬಂದದ್ದು ಬೇರೆ ಯಾವುದೋ ತಿಂಡಿ, ತಾರೀಖು ಮುಗಿದು ವರ್ಷವಾಗಿತ್ತು, ಒಡೆದರೆ ಸೀಮೆಎಣ್ಣೆಯ ಹತ್ತಿರದ ಒಂದು ವಾಸನೆ. ಕೋಳಿಗೆ ಹಾಕಿದೆ. ಕೋಳಿಯೂ ಕಾಲಿನಿಂದ ಕೆದರಿ ಬಿಟ್ಟಿತು.

ಪೊಟ್ಟಣವನ್ನಲ್ಲ, ಮನೆಯನ್ನು ನೆನಪಿಸಿಕೊಳ್ಳಿ

ನಾನು ಕೆಲಸ ಮಾಡುವುದು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ ಅದು. ಸ್ಯಾಂಪಲ್ ರೂಮಿನಲ್ಲಿ ಹದಿಮೂರು ವರ್ಷ. ಅಲ್ಲೊಂದು ಪದ್ಧತಿ ಇದೆ. ಕಾಫಿಯ ರುಚಿ ನೋಡುವವರು ಮೊದಲು ಅವರವರ ಕಾಗದದ ಮೇಲೆ ಬರೆಯುತ್ತಾರೆ, ಆಮೇಲೆ ಮಾತಾಡುತ್ತಾರೆ. ಒಬ್ಬರು ಬಾಯಿಬಿಟ್ಟು 'ಹುಳಿ ಇದೆ' ಅಂದರೆ ಮಿಕ್ಕವರ ನಾಲಗೆಗೂ ಹುಳಿ ಹತ್ತಿಬಿಡುತ್ತದೆ. ನೆನಪಿನ ವಿಷಯದಲ್ಲೂ ಹಾಗೆಯೇ. ಒಬ್ಬೊಬ್ಬರನ್ನೇ ಕೇಳಿ, ಬರೆದುಕೊಳ್ಳಿ, ಆಮೇಲೆ ಎಲ್ಲರನ್ನೂ ಕೂರಿಸಿ.

ನಾನು ಕೇಳಿದ್ದು ಮೂವರನ್ನು. ಅಮ್ಮನಿಗೆ ರುಚಿ ನೆನಪಿಲ್ಲ. ಆದರೆ ಪೊಟ್ಟಣ ಖಾಲಿಯಾದ ಮೇಲೆ ಅದರಲ್ಲಿ ಏಲಕ್ಕಿ ಹಾಕಿಟ್ಟಿದ್ದು ನೆನಪಿದೆ. ತಮ್ಮ "ಗುಲಾಬಿದು ಸೋಪಿನ ಥರ ಇತ್ತು" ಅಂದ. ಅದು ನಿಜ, ಅದಕ್ಕೇ ರೋಸ್ ಮಾಡುವ ಕ್ರಮ ನಾನು ಇಲ್ಲಿ ಬರೆಯುವುದಿಲ್ಲ. ಚಿಕ್ಕಪ್ಪ ಮಾತ್ರ ಕರಾರುವಾಕ್ಕು: "ಬಾದಾಮಿ ಆಕಾರ, ಹಲ್ಲಿಗೆ ಕಟುಮ್ ಅನ್ನಬೇಕು, ಆಮೇಲೆ ಕೊಬ್ಬರಿ, ಕೊನೆಗೆ ಕೇಸರಿ."

ಕೇಳುವಾಗ ರುಚಿಯ ಬಗ್ಗೆ ಕಡಿಮೆ ಕೇಳಿ. ಸಿಹಿ ಇತ್ತು, ಚೆನ್ನಾಗಿತ್ತು, ಇದಕ್ಕಿಂತ ಹೆಚ್ಚಿನ ಉತ್ತರ ಬರುವುದಿಲ್ಲ. ಕೇಳಬೇಕಾದದ್ದು ಬೇರೆ. ಯಾವುದರಲ್ಲಿ ತಿನ್ನುತ್ತಿದ್ದಿರಿ, ಸ್ಟೀಲ್ ಬಟ್ಟಲೋ ಪಿಂಗಾಣಿಯೋ? ಹಾಲು ಬಿಸಿಯೋ ತಣ್ಣಗೋ? ಕೆನೆ ತೆಗೆದಿತ್ತೇ? ಸಕ್ಕರೆ ಮೊದಲೋ ಆಮೇಲೋ? ಯಾವ ತಿಂಗಳು? ಒಲೆ ಸೌದೆಯದೋ ಗ್ಯಾಸಿನದೋ? ನಮ್ಮ ಮನೆಯ ಉತ್ತರ ಹೀಗಿತ್ತು: ಸ್ಟೀಲ್ ಲೋಟ. ಕುದಿಯುವಷ್ಟೇ ಬಿಸಿ ಹಾಲು, ಕೆನೆ ಸಮೇತ. ಸೌದೆ ಒಲೆ. ಚಮಚ ಇಲ್ಲ, ಲೋಟ ಎತ್ತಿ ಕುಡಿಯುತ್ತಾ ಬಾಯಿಗೆ ಬಿದ್ದದ್ದನ್ನು ಅಗಿಯುವುದು.

ಬಿಸಿ ಹಾಲಿನ ಸಂಗತಿ ನಮ್ಮ ಮನೆಯದು ಮಾತ್ರ ಅಲ್ಲ. ಕೆಲಾಗ್ಸ್‌ನ ಕಾರ್ನ್‌ಫ್ಲೇಕ್ಸ್ ನಮ್ಮ ದೇಶಕ್ಕೆ ಬಂದಾಗ ಕಂಪನಿಗೆ ಎದುರಾದ ದೊಡ್ಡ ತೊಡಕು ಇದೇ. ಅದನ್ನು ಮಾಡಿದ್ದು ತಣ್ಣನೆ ಹಾಲಿಗೆ. ನಮ್ಮ ಜನ ಬಿಸಿ ಹಾಲು ಸುರಿದರು, ಅದು ಮುದ್ದೆಯಾಯಿತು. ತಣ್ಣನೆ ಹಾಲು ಹಾಕಿದವರಿಗೆ ಸಕ್ಕರೆ ಕರಗದೆ ತಳದಲ್ಲೇ ಕೂತಿತು, ಸಪ್ಪೆ ಅನ್ನಿಸಿತು. ಮಜ್ಜಾದಲ್ಲಿ ಸಿಹಿ ಮೊದಲೇ ಸೇರಿತ್ತು, ಆ ತಲೆನೋವು ಇರಲಿಲ್ಲ. ಮುದ್ದೆಯಾಗುವುದನ್ನು ಯಾರೂ ತಪ್ಪಿಸಲಾರರು.

ಸುಲಭದ ದಾರಿ: ಅಂಗಡಿಯ ಫ್ಲೇಕ್ಸ್‌ಗೆ ಪಾಕ ಹಿಡಿಸುವುದು

ರುಚಿ ಸಾಕು, ಆಕಾರ ಬೇಡ ಅನ್ನುವವರಿಗೆ ಇದು. ಬೇಕಾದದ್ದು:

ಸಿಹಿಯಿಲ್ಲದ ಕಾರ್ನ್‌ಫ್ಲೇಕ್ಸ್ 200 ಗ್ರಾಂ, ಸಕ್ಕರೆ 80 ಗ್ರಾಂ, ನೀರು 3 ದೊಡ್ಡ ಚಮಚ, ಉಪ್ಪು ಕಾಲು ಚಮಚ, ಕೇಸರಿ 20 ಎಸಳು, ಒಣಕೊಬ್ಬರಿ ತುರಿ 25 ಗ್ರಾಂ, ಕೊಬ್ಬರಿ ಎಣ್ಣೆ 1 ಚಮಚ, ಹಾರ್ಲಿಕ್ಸ್ ಪುಡಿ 1 ಚಮಚ.

ಹಾರ್ಲಿಕ್ಸ್ ಯಾಕೆ ಅಂತೀರಾ? ಮನೆಯಲ್ಲಿ ಮಾಡಿದ್ದು ಎಷ್ಟೇ ಚೆನ್ನಾಗಿದ್ದರೂ 'ಪ್ಯಾಕೆಟ್ಟಿನ ಹಾಗಿಲ್ಲ' ಅನ್ನಿಸುವುದು ಮಾಲ್ಟ್ ಇಲ್ಲದ್ದಕ್ಕೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಾರ ಅದು. ಕಾರ್ನ್‌ಫ್ಲೇಕ್ಸ್‌ಗೆ ಆ ಕಂದು ಬಣ್ಣವೂ ಹುರಿದ ಪರಿಮಳವೂ ಬರುವುದರಲ್ಲಿ ಮಾಲ್ಟ್‌ನ ಪಾಲು ದೊಡ್ಡದು. ಹಾರ್ಲಿಕ್ಸ್‌ನಲ್ಲಿ ಮಾಲ್ಟ್ ಇದೆ, ನಮ್ಮೂರ ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದಾಗಿ ಉಪ್ಪು. ಉಪ್ಪು ಬಿಟ್ಟರೆ ಕಜ್ಜಾಯದ ಹಾಗೆ ಬರೀ ಸಿಹಿ ಹೊಡೆಯುತ್ತದೆ.

ಕೇಸರಿಯನ್ನು ಒಂದು ಚಮಚ ಬಿಸಿ ನೀರಿನಲ್ಲಿ 20 ನಿಮಿಷ ನೆನೆಹಾಕಿ. ಹಸಿಕಾಯಿ ಬೇಡವೇ ಬೇಡ. ಮೊದಲ ಸಲ ನಾನು ತೆಂಗಿನಹಾಲು ಹಾಕಿ ಮಾಡಿದ್ದೆ, ಘಮ ಎಷ್ಟು ಚೆನ್ನಾಗಿತ್ತೆಂದರೆ ಅಕ್ಕಪಕ್ಕಕ್ಕೆಲ್ಲ ಹಂಚಿದೆ. ಮರುದಿನ ಬೆಳಿಗ್ಗೆ ಎಲ್ಲರ ಮನೆಯಿಂದಲೂ ಡಬ್ಬಿ ವಾಪಸ್. ಹಳಸಿತ್ತು. ಒಣಕೊಬ್ಬರಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಮಿಕ್ಸಿಯಲ್ಲಿ ಒಂದೇ ಒಂದು ಸುತ್ತು. ಎರಡು ಸುತ್ತು ತಿರುಗಿಸಿದರೆ ಎಣ್ಣೆ ಬಿಟ್ಟು ಚಟ್ನಿಯಾಗುತ್ತದೆ.

ಫ್ಲೇಕ್ಸ್ ಬೆಚ್ಚಗಿರಬೇಕು. ಇದು ಮುಖ್ಯ. ತಣ್ಣಗಿನ ಫ್ಲೇಕ್ಸ್ ಮೇಲೆ ಪಾಕ ಸುರಿದರೆ ಸುರಿದಲ್ಲೇ ಗಟ್ಟಿಯಾಗಿ ಚಿಕ್ಕಿಯಾಗುತ್ತದೆ. ಅಗಲ ಪಾತ್ರೆಯಲ್ಲಿ ಹಾಕಿ ಐದು ನಿಮಿಷ ಒಲೆಯ ಮೇಲೆ ಕೈಯಾಡಿಸಿ. ಅತ್ತ ಸಕ್ಕರೆ, ನೀರು, ಉಪ್ಪು ಕುದಿಸಿ ಒಂದೆಳೆ ಪಾಕ. ಇಳಿಸಿ, ಕೊಬ್ಬರಿ ಎಣ್ಣೆ, ಹಾರ್ಲಿಕ್ಸ್, ಕೇಸರಿ ನೀರು ಸೇರಿಸಿ, ದಾರದ ಹಾಗೆ ಸಣ್ಣಗೆ ಸುರಿಯುತ್ತಾ ಎರಡು ಮರದ ಸೌಟಿನಿಂದ ತಳದಿಂದ ಎತ್ತಿ ಎತ್ತಿ ಹಾಕಿ. ಇಬ್ಬರಿದ್ದರೆ ಒಳ್ಳೆಯದು. ಕೊನೆಗೆ ಕೊಬ್ಬರಿ ಪುಡಿ ಉದುರಿಸಿ.

ಓವನ್ ಇದ್ದವರು ತಟ್ಟೆಯಲ್ಲಿ ತೆಳ್ಳಗೆ ಹರಡಿ 120 ಡಿಗ್ರಿಯಲ್ಲಿ 15ರಿಂದ 20 ನಿಮಿಷ, ನಡುವೆ ಒಮ್ಮೆ ಮಗುಚಿ. ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಅತಿ ಸಣ್ಣ ಉರಿ, ಕೈ ನಿಲ್ಲಿಸದೆ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಗಾಬರಿಯಾಗಿ ಇನ್ನಷ್ಟು ಹುರಿಯಬೇಡಿ. ನಾಲ್ಕು ಕಾಳು ತೆಗೆದು ತಟ್ಟೆಗೆ ಹಾಕಿ, ಎರಡು ನಿಮಿಷ ಆರಿದ ಮೇಲೆ ಕಚ್ಚಿ ನೋಡಿ. ಗರಿಗರಿ ಗೊತ್ತಾಗುವುದು ಆರಿದ ಮೇಲೆಯೇ.

ಮ್ಯಾಂಗೋ ಇಲಾಯ್ಚಿ ಬೇಕಾದವರು ಕೇಸರಿ ಕೊಬ್ಬರಿ ಬಿಟ್ಟು, ಚೆನ್ನಾಗಿ ಒಣಗಿದ ಮಾವಿನಹಣ್ಣಿನ ಹಪ್ಪಳವನ್ನು ಕತ್ತರಿಸಿ, ಇನ್ನೂ ಒಣಗಿಸಿ, ಪುಡಿಮಾಡಿ ಹಾಕಿ. ಏಲಕ್ಕಿ ನಮ್ಮ ಕಡೆಯದು ಇದ್ದರೆ ನಾಲ್ಕು ಕಾಯಿ ಸಾಕು. ಇದರಲ್ಲಿ ಹೇಳುವುದಕ್ಕೆ ಹೆಚ್ಚಿಲ್ಲ.

ಕಷ್ಟದ ದಾರಿ: ಆಕಾರವೂ ಬೇಕೆನ್ನುವವರಿಗೆ

ಚಿಕ್ಕಪ್ಪ ಮೇಲಿನದ್ದನ್ನು ತಿಂದು "ಇದು ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಕಣಮ್ಮ" ಅಂದರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಮೊದಲು ಮಿಕ್ಸ್‌ಚರ್‌ಗೆ ಹಾಕುವ ಹಸಿ ಜೋಳದ ಅವಲಕ್ಕಿ ತಂದು ಎಣ್ಣೆಯಲ್ಲಿ ಕರಿದೆ. ಉಬ್ಬಿತು, ಕಟುಮ್ ಎಂದಿತು, ಹಾಲಿಗೆ ಹಾಕಿದೆ. ಹಾಲಿನ ಮೇಲೆ ಎಣ್ಣೆಯ ಕಣ್ಣು ಕಣ್ಣು. ಅಜ್ಜಿ ಇದ್ದಿದ್ದರೆ "ಸಾರು ಮಾಡಿದ್ದೀಯಾ" ಅನ್ನುತ್ತಿದ್ದರು.

ಆಮೇಲೆ ಹಿಟ್ಟಿನಿಂದಲೇ ಮಾಡಿದೆ. ಮುಸುಕಿನ ಜೋಳದ ನುಣ್ಣನೆ ಹಿಟ್ಟು 150 ಗ್ರಾಂ (ಹಳದಿಯದು, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿ ಪುಡಿಯಲ್ಲ), ಅಕ್ಕಿಹಿಟ್ಟು 50 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಉಪ್ಪು ಅರ್ಧ ಚಮಚ, ಹಾರ್ಲಿಕ್ಸ್ ಒಂದು ಚಮಚ, ಸೋಡಾ ಒಂದು ಚಿಟಿಕೆ, ನೀರು ಕಾಲು ಲೀಟರ್. ಅಕ್ಕಿ ರೊಟ್ಟಿಗೆ ಹಿಟ್ಟು ಬೇಯಿಸುವುದು ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ನೀರಿಗೆ ಸಕ್ಕರೆ ಉಪ್ಪು ಹಾಕಿ ಕುದಿಸಿ, ಹಿಟ್ಟುಗಳನ್ನೂ ಹಾರ್ಲಿಕ್ಸನ್ನೂ ಸೋಡಾವನ್ನೂ ಒಟ್ಟಿಗೆ ಸುರಿದು, ಮುಚ್ಚಿ ಐದು ನಿಮಿಷ ಸಣ್ಣ ಉರಿ, ಇಳಿಸಿ ತಿರುವಿ, ಕೈಗೆ ತಾಳುವಷ್ಟು ಆರಿದ ಮೇಲೆ ನಾದುವುದು.

ಈಗ ಆ ಉಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಬಿಡಿ. ಬೇಸರ ಅನ್ನಿಸಿದರೂ ಬಿಡಿ. ಫ್ಲೇಕ್ಸ್ ಎಂಬ ತಿಂಡಿ ಹುಟ್ಟಿದ್ದೇ ಹೀಗೆ ಬಿಟ್ಟದ್ದರಿಂದ. 1894ರಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮದಲ್ಲಿ ಕೆಲಾಗ್ ಅಣ್ಣತಮ್ಮಂದಿರು ಗೋಧಿ ಬೇಯಿಸಿಟ್ಟು, ಬೇರೆ ಕೆಲಸದಲ್ಲಿ ತೊಡಗಿ, ಬಹಳ ಹೊತ್ತು ಹಾಗೇ ಬಿಟ್ಟಿದ್ದರು. ಎಸೆಯಲು ಮನಸ್ಸಾಗದೆ ರೋಲರಿಗೆ ಕೊಟ್ಟರೆ ಒಂದೊಂದು ಕಾಳೂ ಒಂದೊಂದು ಹಪ್ಪಳವಾಗಿ ಬಂತು. ಹೊರಗಿನ ತೇವ ಒಳಗೂ ಒಳಗಿನದು ಹೊರಗೂ ಹೋಗಿ ಇಡೀ ಕಾಳು ಒಂದೇ ಹದಕ್ಕೆ ಬಂದಿತ್ತು. ನಮ್ಮ ಕಣದಲ್ಲಿ ಕಾಫಿಯನ್ನು ಸಂಜೆ ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡುವುದರಲ್ಲೂ ಇದೇ ಉಪಾಯ ಇದೆ. ಒಂದೇ ಸಮ ಒಣಗಿಸಿದರೆ ಮೇಲೆ ಗರಿ, ಒಳಗೆ ಹಸಿ.

ಮರುದಿನ ದಪ್ಪ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಪೋಸ್ಟ್ ಕಾರ್ಡ್ ಎರಡು ಸೇರಿಸಿದಷ್ಟು ತೆಳ್ಳಗೆ ಲಟ್ಟಿಸಿ. ಬಾದಾಮಿ ಆಕಾರಕ್ಕೆ ಅಚ್ಚು ಹುಡುಕಬೇಡಿ. ಟಾನಿಕ್ ಬಾಟಲಿಯ ಮುಚ್ಚಳ ಸಾಕು. ಒಮ್ಮೆ ಒತ್ತಿ ಗುಂಡಗೆ ಕತ್ತರಿಸಿ. ಮುಚ್ಚಳವನ್ನು ಅರ್ಧದಷ್ಟು ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಒತ್ತಿ. ಎರಡು ಗೆರೆಗಳ ನಡುವೆ ಎರಡೂ ಕಡೆ ಚೂಪಾದ ಒಂದು ತುಂಡು ನಿಲ್ಲುತ್ತದೆ, ಬಾದಾಮಿಯೇ. ಉಳಿದ ಚಂದ್ರಾಕಾರದ ಚೂರುಗಳನ್ನು ಮತ್ತೆ ಉಂಡೆಗೆ ಸೇರಿಸಿ. ಇದನ್ನು ಕಂಡುಹಿಡಿದದ್ದು ನನ್ನ ಎಂಟು ವರ್ಷದ ಮಗಳು, ರಂಗೋಲಿ ಪುಸ್ತಕ ನೋಡಿ. ನಾನು ಅಷ್ಟರೊಳಗೆ ಇನ್ನೂರು ತುಂಡು ಚಾಕುವಿನಲ್ಲಿ ಕೊರೆದಾಗಿತ್ತು.

ಫ್ಯಾನಿನ ಕೆಳಗೆ ಎರಡು ಮೂರು ಗಂಟೆ, ಚರ್ಮದ ಹಾಗೆ ಬಾಗುವ ತನಕ. ಆಮೇಲೆ ಓವನ್ನಿನಲ್ಲಿ 150 ಡಿಗ್ರಿ, 25ರಿಂದ 30 ನಿಮಿಷ. ಅಂಚು ಕಂದಾದರೆ ತೆಗೆಯಿರಿ. ಆರಿದ ಮೇಲೆ, ಮೇಲೆ ಹೇಳಿದ ಪಾಕವನ್ನೇ ಅರ್ಧ ಅಳತೆಗೆ ಮಾಡಿ ಹಿಡಿಸಿ.

ಫ್ಯಾಕ್ಟರಿಯದರಷ್ಟು ಹಗುರ ಬರುವುದಿಲ್ಲ. ಅಲ್ಲಿ ಹಿಟ್ಟನ್ನು ಭಾರಿ ಒತ್ತಡದಲ್ಲಿ ಬಿಸಿಮಾಡಿ ಸಣ್ಣ ತೂತಿನಿಂದ ಹೊರಗೆ ನೂಕುತ್ತಾರೆ. ಹೊರಬಂದ ಕ್ಷಣ ಒಳಗಿನ ನೀರೆಲ್ಲ ಆವಿಯಾಗಿ ಹಾರಿ ಉಬ್ಬುತ್ತದೆ. ನಮ್ಮ ಚಕ್ಕುಲಿ ಒರಳಿನಿಂದ ಅದು ಸಾಧ್ಯವಿಲ್ಲ. ನಾನು ಪ್ರಯತ್ನಿಸಿದ್ದೇನೆ, ಒರಳಿನ ಹಿಡಿ ಮುರಿದಿದೆ.

ಕೊಡಗಿನಲ್ಲಿ ಇಡುವುದು

ಕುಶಾಲನಗರದವರು ಈ ಭಾಗ ಬಿಡಬಹುದು, ಅಲ್ಲಿ ಮಳೆ ಕಡಿಮೆ. ಮಡಿಕೇರಿ, ಭಾಗಮಂಡಲ, ಶಾಂತಳ್ಳಿ ಕಡೆಯವರು ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸಲು, ಬೆಂಕಿಪೊಟ್ಟಣ ಒಲೆ ಪಕ್ಕದಲ್ಲೇ ಇಟ್ಟರೂ ಹತ್ತುವುದಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಇರುವ ಬೀಜವನ್ನು, ಶೇ. 10ರ ತೇವಕ್ಕೆ ಒಣಗಿಸಿದರೆ ಸಾಕು ಅನ್ನುತ್ತೇವೆ. ಕಾರ್ನ್‌ಫ್ಲೇಕ್ಸ್ ಗರಿಗರಿ ಇರಬೇಕಾದರೆ ತೇವ ಶೇ. 3ರ ಆಸುಪಾಸು ಇರಬೇಕು. ಕಾಫಿಗೇ ಮೂರು ಸಲ ಬಿಸಿಲು ನೋಡುವ ನಾವು ಇದನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೈಮುಗಿದರೆ ಆಗುತ್ತದೆಯೇ?

ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆದುಕೊಳ್ಳಿ. ಪೂರ್ತಿ ಆರಿದ ಮೇಲೆಯೇ ತುಂಬಿ, ಅರ್ಧಂಬರ್ಧ ಬಿಸಿ ಇದ್ದರೆ ಮುಚ್ಚಳದ ಒಳಗೆ ಬೆವರುತ್ತದೆ. ಚಿಕ್ಕ ಚಿಕ್ಕ ಪೊಟ್ಟಣ ಮಾಡಿ, ಒಂದು ಸಲಕ್ಕೆ ಒಂದನ್ನೇ ಬಿಚ್ಚಿ. ಕಂಪನಿ 60 ಗ್ರಾಂ ಮಾಡಿದ್ದು ಯಾಕೋ, ನಮ್ಮ ಮಳೆಗಾಲಕ್ಕಂತೂ ಅದು ಸರಿಯಾದ ಅಳತೆ. ಮುಚ್ಚಳದ ಸುತ್ತ ಟೇಪು. ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಒಂದು ಎಚ್ಚರ ಸಾಕು: ಅಲ್ಲಿ ಹೊಗೆಗೆ ಮಾಂಸ ಕಟ್ಟುವವರು ಡಬ್ಬಿಯನ್ನು ದೂರ ಇಡಿ. ಮೂರು ವಾರದೊಳಗೆ ಮುಗಿಸಿ, ಆಮೇಲೆ ಕೊಬ್ಬರಿ ಕಮಟು ಹಿಡಿಯುತ್ತದೆ. ಮೆತ್ತಗಾದರೆ ಎಸೆಯಬೇಡಿ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಬೆಚ್ಚಗೆ ಮಾಡಿ ಆರಿಸಿದರೆ ಮತ್ತೆ ಗರಿಯಾಗುತ್ತದೆ.

ಕೊನೆಯ ಹಂತ: ಕೆಡಿಸುವುದು

ಇಷ್ಟೆಲ್ಲ ಮಾಡಿದ್ದಾಯಿತು. ಆಕಾರ ಬಂತು, ಕೇಸರಿ ಬಂತು, ಕಟುಮ್ ಬಂತು. ಚಿಕ್ಕಪ್ಪ ತಿಂದು ತಲೆದೂಗಿ "ಹತ್ತಿರ ಬಂದಿದೆ" ಅಂದರು. ನನಗೆ ಮಾತ್ರ ಇದು ಯಾವುದೋ ಹೊಸ ತಿಂಡಿ. ಚೆನ್ನಾಗಿದೆ, ನನ್ನದಲ್ಲ. ಎರಡು ವರ್ಷ ಕೇಸರಿ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ಎಮ್ಮೆ ಹಾಲು ತಂದೆ.

ಕಳೆದ ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ. ಕರೆಂಟಿಲ್ಲ. ರಾತ್ರಿ ಕ್ಯಾಂಡಲ್ ಬೆಳಕಿನಲ್ಲಿ ಮಗಳಿಗೆ ಎರಡು ಹಿಡಿ ಕೊಟ್ಟು, ಡಬ್ಬಿಯ ಮುಚ್ಚಳ ಹಾಕುವುದನ್ನು ಮರೆತು ಮಲಗಿದೆ. ಬೆಳಿಗ್ಗೆ ನೋಡಿದರೆ ಎಲ್ಲ ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡು. ಬೈದುಕೊಂಡೇ ಸ್ಟೀಲ್ ಲೋಟಕ್ಕೆ ಹಾಕಿ ಬಿಸಿ ಹಾಲು ಸುರಿದು, ಕಿಟಕಿ ಹತ್ತಿರ ನಿಂತು ಬಾಯಿಗಿಟ್ಟೆ.

ಅದೇ.

ಮೊದಲು ಹೇಳದೆ ಬಿಟ್ಟ ಆ ಆರನೆಯ ಪೊಟ್ಟಣ. ಐದನ್ನು ನಾನು, ತಮ್ಮ ಸೇರಿ ಚಿಕ್ಕಪ್ಪನ ರಜೆ ಮುಗಿಯುವುದರೊಳಗೆ ಮುಗಿಸಿದ್ದೆವು. ಆರನೆಯದನ್ನು ಸ್ವಲ್ಪವೇ ಹರಿದು, ನಾಲ್ಕು ಕಾಳು ತಿಂದು, ರಬ್ಬರ್ ಬ್ಯಾಂಡ್ ಹಾಕಿ ಬಟ್ಟೆ ಬೀರುವಿನಲ್ಲಿ ಬಚ್ಚಿಟ್ಟಿದ್ದೆ, ಚಿಕ್ಕಪ್ಪ ಬಂದ ಮೇಲೆ ತಿನ್ನುವುದು ಎಂದು. ಮೇ ಹೋಯಿತು, ಜೂನ್ ಹೋಯಿತು. ಸಂಜೆ ರೇಡಿಯೋ ಹಾಕಿ ದೊಡ್ಡವರೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ನಾನು ಬೀರು ತೆಗೆದು ದಿನಕ್ಕೆ ನಾಲ್ಕೈದು ಕಾಳು ತೆಗೆದು ಹಾಲಿಗೆ ಹಾಕಿಕೊಳ್ಳುತ್ತಿದ್ದೆ. ಜುಲೈ ಮಳೆಗೆ ಅದು ತೊಗಲಿನ ಹಾಗಾಗಿತ್ತು. ನಾನು ನೆನಪಿಟ್ಟುಕೊಂಡದ್ದು ಕಂಪನಿ ಮಾಡಿದ ಮಜ್ಜಾ ಅಲ್ಲ, ಸೋಮವಾರಪೇಟೆಯ ಮಳೆ ತಿಂದುಬಿಟ್ಟ ಮಜ್ಜಾ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಯಾವ ತಿಂಗಳು ಎಂಬ ಪ್ರಶ್ನೆಗೆ ಮಳೆಗಾಲ ಎಂಬ ಉತ್ತರ ಬಂದಿದ್ದರೆ, ಈ ಹಂತ ನಿಮಗೂ ಬೇಕು. ಬೇಕಾದಷ್ಟನ್ನೇ ತೂಗಿ ಅಗಲ ತಟ್ಟೆಯಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ ರಾತ್ರಿ ಹೊರಗಿಡಿ. ನಾನು ಆಮೇಲೆ ಬೇಕೆಂದೇ ಮಾಡಿದಾಗ 100 ಗ್ರಾಂ ಇಟ್ಟದ್ದು ಬೆಳಿಗ್ಗೆ 107 ಗ್ರಾಂ ತೂಗಿತು. ಅದೇ ಹದ. 104ಕ್ಕೆ ಇನ್ನೂ ಅರೆಗರಿ, 110 ದಾಟಿದರೆ ಅಂಟು. ಬಳ್ಳಾರಿ, ರಾಯಚೂರಿನ ಕಡೆ ಇರುವವರು, ಅಥವಾ ಬೇಸಿಗೆಯಲ್ಲಿ ಮಾಡುವವರು, ದೊಡ್ಡ ಪಾತ್ರೆಯ ತಳದಲ್ಲಿ ಒಂದು ಲೋಟ ನೀರಿಟ್ಟು, ಪಕ್ಕದಲ್ಲಿ ತಟ್ಟೆ ಇಟ್ಟು, ಮುಚ್ಚಳ ಮುಚ್ಚಿ ರಾತ್ರಿ ಬಿಡಿ. ನೀರು ಚಿಮುಕಿಸಬೇಡಿ, ಪಾಕ ಕರಗಿ ತೊಳೆದುಹೋಗುತ್ತದೆ. ಕೆಡಿಸಿದ್ದನ್ನು ಆ ಬೆಳಿಗ್ಗೆಯೇ ತಿಂದು ಮುಗಿಸಿ. ಮರುದಿನಕ್ಕೆ ಇಟ್ಟರೆ ಬೂಸಲು ಬರುತ್ತದೆ.

ಹಾಲು ಕುದಿಯಬೇಕು, ಕೆನೆ ಇರಬೇಕು. ಸುರಿದು ನಲವತ್ತು ಎಣಿಸಿ.

ಚಿಕ್ಕಪ್ಪ ಈಗ ಕುಶಾಲನಗರದಲ್ಲಿದ್ದಾರೆ, ನಮ್ಮ ವರ್ಕ್ಸ್‌ನಿಂದ ಹತ್ತು ನಿಮಿಷ. ಮೆತ್ತಗಿನದನ್ನು ಒಯ್ದು ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇದಲ್ಲ ಕಣಮ್ಮ. ನಾನು ಇದನ್ನ ಹಾಲಿಗೆ ಹಾಕಿ ತಿಂದವನೇ ಅಲ್ಲ. ವಾಪಸ್ ಹೋಗುವಾಗ ರೈಲಿನಲ್ಲಿ ಒಣಗಿದ್ದನ್ನೇ ತಿಂದದ್ದು."

"ಆರು ಪೊಟ್ಟಣ ನಮಗೆ ಕೊಟ್ಟಿದ್ರಲ್ಲ ಚಿಕ್ಕಪ್ಪ?"

"ಎಂಟು ತಂದಿದ್ದೆ."

ಈಗ ಪ್ರತಿ ಸಲ ಎರಡು ಡಬ್ಬಿ ಮಾಡುತ್ತೇನೆ. ಟೇಪು ಸುತ್ತಿದ್ದು ಅವರಿಗೆ.